ಶ್ವಾಸಕೋಶದ ಗಡ್ಡೆ ತೆಗೆಯಲು ಕೈ ಪಳಗಿಸುವುದು ಹೇಗೆ: ಕಾಸರಗೋಡಿನಲ್ಲೇ ಕಟ್ಟಬಹುದಾದ ತರಬೇತಿ ಮಾದರಿಗಳ ಸಮಗ್ರ ಮಾರ್ಗದರ್ಶಿ

ಶ್ವಾಸಕೋಶದ ಗಡ್ಡೆ ತೆಗೆಯುವ ಆಪರೇಷನ್‌ನಲ್ಲಿ ಎಲ್ಲರಿಗೂ ಭಯ ಇರುವುದು ಒಂದೇ ಜಾಗದಲ್ಲಿ. ಅದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ, ಪಲ್ಮನರಿ ಆರ್ಟರಿ. ಅದರ ಗೋಡೆ ತೆಳು, ಅದರಲ್ಲಿ ಹರಿಯುವ ರಕ್ತ ಜಾಸ್ತಿ. ಮೈಯೆಲ್ಲ ಸುತ್ತಿ ಬಂದ ರಕ್ತ ಪೂರ್ತಿ ಇದೇ ದಾರಿಯಲ್ಲಿ ಹೋಗಬೇಕು. ಅದರ ಕವಲುಗಳನ್ನು ಒಂದೊಂದಾಗಿ ಬಿಡಿಸಿ, ಮುಚ್ಚಿ, ಕತ್ತರಿಸಿದ ಮೇಲೆಯೇ ಗಡ್ಡೆ ಇರುವ ಲೋಬ್, ಅಂದರೆ ಶ್ವಾಸಕೋಶದ ಆ ಪಾಲು, ಹೊರಗೆ ಬರುವುದು. ಈ ಕೆಲಸವನ್ನು ಯಾವ ಕೈಯೂ ಮೊದಲ ಸಲ ಮನುಷ್ಯರ ಮೇಲೆ ಮಾಡಬಾರದು.

ಕಾಸರಗೋಡಿನವರಾದ ನಮಗೆ ಇದು ದೂರದ ವಿಷಯವಲ್ಲ. ಬೀಡಿ ಕಟ್ಟುವವರೂ ಸೇದುವವರೂ ಇರುವ ಜಿಲ್ಲೆ ನಮ್ಮದು. ಎದೆಯ ಎಕ್ಸ್‌ರೇಯಲ್ಲಿ ಒಂದು ಕಲೆ ಕಂಡರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಇಲ್ಲದಿದ್ದರೆ ರೈಲು ಹತ್ತಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಪಾಡು ಏನಾಯಿತು ಎಂದು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಗಡಿಯ ಈಚೆಗೂ ಪಳಗಿದ ಕೈಗಳಿರಬೇಕು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಜಾಗ ಗೊತ್ತಾದ ದಿನದಿಂದ ನಾವು ಕಟ್ಟಡದ ಬಗ್ಗೆ ತುಂಬಾ ಮಾತಾಡಿದ್ದೇವೆ. ಕೈ ಪಳಗಿಸುವುದರ ಬಗ್ಗೆಯೂ ಅಷ್ಟೇ ಮಾತಾಡಬೇಕು ಅಲ್ವಾ?

ಎಂ.ಎಸ್. ಓದುತ್ತಿರುವವರು, ಎದೆಯ ಶಸ್ತ್ರಚಿಕಿತ್ಸೆಯ ಕಡೆ ಹೊರಟವರು, ಅವರಿಗೆ ಕಲಿಸುವವರು, ಥಿಯೇಟರ್‌ನ ನರ್ಸ್‌ಗಳು ಮತ್ತು ಟೆಕ್ನೀಷಿಯನ್‌ಗಳು, ಇವರಿಗಾಗಿ ಇದನ್ನು ಬರೆದಿದ್ದೇನೆ. ಪಕ್ಕದಲ್ಲಿ ಅನುಭವ ಇರುವ ಸರ್ಜನ್ ಒಬ್ಬರು ನಿಂತಿರಬೇಕು ಎನ್ನುವುದು ಮೊದಲ ಷರತ್ತು. ಒಬ್ಬರೇ ಕೂತು ಅಭ್ಯಾಸ ಮಾಡಿದರೆ ತಪ್ಪು ಕೂಡ ಅಭ್ಯಾಸವಾಗಿಬಿಡುತ್ತದೆ.

ಮೊದಲು ಕೆಲಸ ಆರಿಸಿ, ಆಮೇಲೆ ಮಾದರಿ

ಹೆಚ್ಚಿನವರು ಶುರು ಮಾಡುವುದೇ ಉಲ್ಟಾ. ಯಾವ ಸಿಮ್ಯುಲೇಟರ್, ಅಂದರೆ ಆಪರೇಷನ್ ಅಭ್ಯಾಸದ ಯಂತ್ರ, ಕೊಳ್ಳುವುದು ಎಂದು ಕೇಳುತ್ತಾರೆ. ಕೇಳಬೇಕಾದ್ದು, ಯಾವ ಕೆಲಸ ಕಲಿಯಬೇಕು ಎಂದು.

ಒಂದು ಲೋಬ್ ತೆಗೆಯುವ ಆಪರೇಷನ್, ಅಂದರೆ ಲೋಬೆಕ್ಟಮಿ, ಹಲವು ಸಣ್ಣ ಕೆಲಸಗಳ ಸಾಲು. ಪಕ್ಕೆಲುಬಿನ ನಡುವೆ ತೂತು ಮಾಡಿ ಉಪಕರಣ ತೂರಿಸುವ ದಾರಿಯಾದ ಪೋರ್ಟ್ ಇಡುವುದು, ಕ್ಯಾಮೆರಾ ಹಿಡಿಯುವುದು, ಗಡ್ಡೆ ಎಲ್ಲಿದೆ ಎಂದು ಹುಡುಕುವುದು, ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ವೇನ್ ಬಿಡಿಸುವುದು, ಆರ್ಟರಿ ಕವಲು ಬಿಡಿಸುವುದು, ಗಾಳಿಯ ಕೊಳವೆಯಾದ ಬ್ರಾಂಕಸ್ ಮುಚ್ಚುವುದು, ಎರಡು ಲೋಬ್‌ಗಳ ನಡುವಿನ ಫಿಷರ್ ಬೇರೆ ಮಾಡುವುದು, ದುಗ್ಧ ಗ್ರಂಥಿಗಳನ್ನು ತೆಗೆಯುವುದು, ಚೀಲಕ್ಕೆ ಹಾಕಿ ಹೊರಗೆ ತರುವುದು, ಕೊನೆಗೆ ಗಾಳಿ ಸೋರುತ್ತದೆಯೇ ಎಂದು ನೋಡುವುದು. ಒಂದೊಂದಕ್ಕೂ ಬೇರೆ ಬೇರೆ ಮಾದರಿ ಸರಿಹೊಂದುತ್ತದೆ. ಕ್ಯಾಮೆರಾ ಹಿಡಿಯಲು ಪ್ಲಾಸ್ಟಿಕ್ ಡಬ್ಬ ಸಾಕು. ನಾಳದ ಪದರ ಬಿಡಿಸಲು ನಿಜವಾದ ಮಾಂಸ ಬೇಕು. ಯಾವ ಕವಲು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಸ್ಕ್ಯಾನ್‌ನಿಂದ ಅಚ್ಚು ಹಾಕಿದ ಗಟ್ಟಿ ಮಾದರಿಯೇ ಒಳ್ಳೆಯದು. ನೋಡಲು ಥೇಟ್ ಶ್ವಾಸಕೋಶದ ಹಾಗಿದ್ದರೂ, ಕೈಗೆ ಬೇಕಾದ ಒಂದು ಕೆಲಸವನ್ನು ಕಲಿಸದ ಮಾದರಿಗೆ ದುಡ್ಡು ಸುರಿಯಬೇಡಿ.

ಕಲಿಯಬೇಕಾದ ಕೆಲಸವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವಾರ್ಟ್ಸ್ ಗ್ರಹಾಂ ಕ್ಯಾನ್ಸರ್‌ಗಾಗಿ ಒಂದು ಪಕ್ಕದ ಇಡೀ ಶ್ವಾಸಕೋಶವನ್ನೇ ತೆಗೆದರು. ಆ ರೋಗಿ ಬದುಕಿದರು. ಆಮೇಲೆ ಒಂದು ಲೋಬ್ ತೆಗೆದರೆ ಸಾಕು ಎಂದಾಯಿತು. 1990ರ ದಶಕದಲ್ಲಿ ಎದೆ ತೆರೆಯದೆ ಕ್ಯಾಮೆರಾ ಮೂಲಕ ಮಾಡುವ ವಾಟ್ಸ್ ವಿಧಾನ ಬಂತು. 2010ರಲ್ಲಿ ಸ್ಪೇನ್‌ನ ಗೊನ್ಸಾಲೆಸ್ ರಿವಾಸ್ ಒಂದೇ ತೂತಿನಿಂದ ಲೋಬೆಕ್ಟಮಿ ಮಾಡಿದರು. 2022ರಲ್ಲಿ ಜಪಾನಿನ ದೊಡ್ಡ ಅಧ್ಯಯನವೊಂದು ಅಂಚಿನಲ್ಲಿರುವ, 2 ಸೆಂ.ಮೀ. ಒಳಗಿನ ಗಡ್ಡೆಗೆ ಲೋಬ್‌ನ ಒಂದು ಭಾಗ ಮಾತ್ರ ತೆಗೆದರೂ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು ತೋರಿಸಿತು. ತೆಗೆಯುವ ಭಾಗ ಚಿಕ್ಕದಾದಷ್ಟೂ ಕವಲುಗಳ ಲೆಕ್ಕ ಕಷ್ಟವಾಗುತ್ತದೆ. ಹಾಗಾಗಿ ಅಭ್ಯಾಸದ ಅಗತ್ಯ ಈಗ ಹಿಂದಿಗಿಂತ ಜಾಸ್ತಿ.

ಹಂತ 1: ಎದೆಗೂಡಿನ ಡಬ್ಬ

ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಬಟ್ಟೆ ತುಂಬಿಡುವಂಥದ್ದು ಸಾಕು. ಒಂದು ಉದ್ದದ ಗೋಡೆಯನ್ನು ಕತ್ತರಿಸಿ ತೆಗೆಯಿರಿ. ಅಲ್ಲಿ ಪಕ್ಕೆಲುಬು ಕೂರಿಸಬೇಕು. ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ, ಬಿಸಿಗಾಳಿಯಲ್ಲಿ ಸ್ವಲ್ಪ ಬಗ್ಗಿಸಿ, ಒಂದರಿಂದ ಒಂದೂವರೆ ಸೆಂ.ಮೀ. ಸಂದು ಬಿಟ್ಟು ಸಾಲಾಗಿ ಸ್ಕ್ರೂ ಹಾಕಿ. ನಮ್ಮಲ್ಲಿ ಅಡಿಕೆ ಮರದ ಸಲಾಕೆ ಸುಲಭವಾಗಿ ಸಿಗುತ್ತದೆ, ಬಾಗುವುದೂ ಚೆನ್ನಾಗಿ. ಆದರೆ ಅದನ್ನು ಒಣ ಅಭ್ಯಾಸದ ಡಬ್ಬಕ್ಕೆ ಮಾತ್ರ ಬಳಸಿ. ಮರ ರಕ್ತ ಕುಡಿಯುತ್ತದೆ, ತೊಳೆದರೆ ಹೋಗುವುದಿಲ್ಲ.

ಪಕ್ಕೆಲುಬಿನ ಮೇಲೆ ದಪ್ಪ ರಬ್ಬರ್ ಶೀಟ್ ಅಥವಾ ಹಳೆಯ ಯೋಗ ಮ್ಯಾಟ್ ಹೊದಿಸಿ. ಅದೇ ಚರ್ಮ.

ಇನ್ನು ತೂತುಗಳು. ಕೋಪನ್‌ಹೇಗನ್‌ನ ಸರ್ಜನ್‌ಗಳು ರೂಢಿಗೆ ತಂದ ಮೂರು ತೂತಿನ ಕ್ರಮ ಕಲಿಯುವವರಿಗೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ, ಮುಂದುಗಡೆ, 4ರಿಂದ 5 ಸೆಂ.ಮೀ. ಉದ್ದದ ಮುಖ್ಯ ತೂತು. ಕೆಳಗೆ ಮುಂಭಾಗದಲ್ಲಿ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯ ಮೇಲ್ಭಾಗದ ಮಟ್ಟದಲ್ಲಿ, ಕ್ಯಾಮೆರಾಗೆ 1 ಸೆಂ.ಮೀ. ತೂತು. ಅದೇ ಮಟ್ಟದಲ್ಲಿ ಹಿಂದಕ್ಕೆ ಮೂರನೆಯದು. ಎಲ್ಲ ಸಲವೂ ಇದೇ ಜಾಗ, ಇದೇ ಕೋನ. ಕಣ್ಣಿಗೆ ಒಂದು ನೋಟ ರೂಢಿಯಾದ ಮೇಲೆ ಬೇರೆ ವಿಧಾನ ಕಲಿಯುವುದು ಕಷ್ಟವಲ್ಲ.

ಆಸ್ಪತ್ರೆಯ ಹಳೆಯ 30 ಡಿಗ್ರಿ ಸ್ಕೋಪ್, ಅಂದರೆ ಓರೆಯಾಗಿ ನೋಡುವ ಕ್ಯಾಮೆರಾ ಕೊಳವೆ, ಸಿಕ್ಕರೆ ಅದೃಷ್ಟ. ಸಿಗದಿದ್ದರೆ ತೆಳುವಾದ ಕೋಲಿನ ತುದಿಗೆ ಸಣ್ಣ ಯು.ಎಸ್.ಬಿ. ಕ್ಯಾಮೆರಾ ಕಟ್ಟಿ. ಒಳಗೆ ಎಲ್.ಇ.ಡಿ. ಪಟ್ಟಿ ಅಂಟಿಸಿ. ಎದುರಿಗೆ ಕಣ್ಣಿನ ಮಟ್ಟದಲ್ಲಿ ಪರದೆ ಇರಲಿ. ಲ್ಯಾಪ್‌ಟಾಪನ್ನು ಪಕ್ಕದಲ್ಲಿ ಇಟ್ಟು ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಬೇಡಿ.

ಈ ಡಬ್ಬದಲ್ಲಿ ಮೊದಲು ಸುಮ್ನೆ ಉಂಗುರ ದಾಟಿಸುವ ಕೆಲಸ ಮಾಡಿ. ಆರು ವಸ್ತುಗಳನ್ನು ಒಂದು ಕಡೆಯ ಗೂಟದಿಂದ ಎತ್ತಿ, ಗಾಳಿಯಲ್ಲೇ ಕೈ ಬದಲಿಸಿ, ಇನ್ನೊಂದು ಕಡೆಯ ಗೂಟಕ್ಕೆ ಹಾಕಿ ಮತ್ತೆ ವಾಪಸ್ ತರಬೇಕು. ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಅದರ ಪರೀಕ್ಷೆಯಲ್ಲಿ ಇದಕ್ಕೆ 300 ಸೆಕೆಂಡಿನ ಮಿತಿ ಇದೆ. ಆಮೇಲೆ ಗುರುತಿನ ಮೇಲೆ ಕತ್ತರಿಸುವುದು, ಒಳಗೇ ಗಂಟು ಹಾಕುವುದು. ಇವು ಸರಾಗವಾಗದೆ ಮುಂದಿನ ಹಂತಕ್ಕೆ ಹೋದರೆ ಆಡಿನ ಶ್ವಾಸಕೋಶ ಹಾಳಾಗುತ್ತದೆ, ಕಲಿಕೆ ಆಗುವುದಿಲ್ಲ.

ಹಂತ 2: ಚೈನಾ ಗ್ರಾಸ್‌ನೊಳಗಿನ ನಾಳ

ಇದು ಅಡುಗೆಮನೆಯಲ್ಲೇ ತಯಾರಾಗುವ ಮಾದರಿ. ರಂಜಾನ್ ತಿಂಗಳಲ್ಲಿ ನಮ್ಮೂರಿನ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಮಾರುವ ಚೈನಾ ಗ್ರಾಸ್ ಇದೆಯಲ್ಲ, ಪುಡ್ಡಿಂಗ್‌ಗೆ ಹಾಕುವುದು, ಅದು ಅಗರ್. ಸರ್ಜಿಕಲ್ ಗ್ಲೌಸ್‌ನ ಒಂದು ಬೆರಳು ಕತ್ತರಿಸಿ, ಬಣ್ಣದ ನೀರು ತುಂಬಿ, ಬಾಯಿ ಕಟ್ಟಿ. ಅದನ್ನು ತಟ್ಟೆಯಲ್ಲಿಟ್ಟು ಸುತ್ತಲೂ ನೀರಿಗೆ ಒದ್ದೆ ಮಾಡಿದ ಹತ್ತಿಯ ತೆಳು ಪದರ ಸುತ್ತಿ. ಮೇಲಿನಿಂದ ಕುದಿಸಿ ಸ್ವಲ್ಪ ಆರಿಸಿದ ಅಗರ್ ಸುರಿಯಿರಿ. 100 ಮಿ.ಲೀ. ನೀರಿಗೆ 1 ಗ್ರಾಂ ಹಾಕಿದರೆ ಮೆತ್ತಗಿರುತ್ತದೆ.

ಗಟ್ಟಿಯಾದ ಮೇಲೆ ಡಬ್ಬದೊಳಗಿಟ್ಟು, ಉದ್ದದ ಉಪಕರಣಗಳಿಂದ ನಾಳವನ್ನು ಪೂರ್ತಿ ಬಿಡಿಸಿ. ಅದರ ಹಿಂದಿನಿಂದ ಬಾಗಿದ ಕ್ಲ್ಯಾಂಪ್ ದಾಟಿಸಿ ದಾರ ಎಳೆಯಿರಿ. ಬಣ್ಣದ ನೀರು ಸೋರಿದರೆ ಆ ಸುತ್ತು ಮುಗಿಯಿತು, ಮತ್ತೆ ಶುರು. ಎಲ್ಲಕ್ಕಿಂತ ಅಪಾಯ ಇರುವುದು ನಾಳದ ಹಿಂದುಗಡೆ, ಕಣ್ಣಿಗೆ ಕಾಣದ ಕಡೆ. ತುದಿ ಕಾಣದೆ ತಳ್ಳಬಾರದು ಎನ್ನುವುದು ಇಲ್ಲಿ ಬೆರಳಿಗೆ ಗೊತ್ತಾಗುತ್ತದೆ.

ಹಂತ 3: ಆಡಿನ ಹೃದಯ ಮತ್ತು ಶ್ವಾಸಕೋಶ

ಹೊರದೇಶಗಳಲ್ಲಿ ಹೆಚ್ಚಾಗಿ ಹಂದಿಯ ಹೃದಯ ಮತ್ತು ಶ್ವಾಸಕೋಶ ಬಳಸುತ್ತಾರೆ. ನಮ್ಮ ಕಡೆ ಅದು ಎಲ್ಲೆಡೆ ಸಿಗುವುದಿಲ್ಲ. ಜೊತೆಗೆ ಕಲಿಯಲು ಬರುವ ಎಲ್ಲರಿಗೂ ಅದನ್ನು ಮುಟ್ಟಲು ಮನಸ್ಸಿರುವುದಿಲ್ಲ. ಅವರ ಮನಸ್ಸಿಗೆ ಗೌರವ ಕೊಡಬೇಕು. ಆಡಿನದು ಕಾಸರಗೋಡು, ಉಪ್ಪಳ, ಕುಂಬಳೆಯ ಯಾವ ಮಟನ್ ಅಂಗಡಿಯಲ್ಲೂ ಸಿಗುತ್ತದೆ. ಮಾಂಸವನ್ನೇ ಮುಟ್ಟದ ಮನೆಗಳಿಂದ ಬಂದವರೂ ಇರುತ್ತಾರೆ. ಅವರಿಗೆ ಹೈಡ್ರೋಜೆಲ್ ಮಾದರಿ ತೋರಿಸಬಹುದು. ಜಪಾನಿನಲ್ಲಿ ಕೊಂಜಾಕ್ ಗಡ್ಡೆಯ ಹಿಟ್ಟಿನಿಂದ ಇಂಥದ್ದನ್ನು ಮಾಡುತ್ತಾರೆ. ಅದು ನಮ್ಮ ಸುವರ್ಣಗಡ್ಡೆಯ ಹತ್ತಿರದ ಸಂಬಂಧಿ ಗಿಡ.

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು. "ಕಾಕ, ಹೃದಯ, ಶ್ವಾಸಕೋಶ, ಗಂಟಲ ಕೊಳವೆ ಮೂರೂ ಒಟ್ಟಿಗೇ ಬೇಕು. ಎಲ್ಲಿಯೂ ಕತ್ತಿ ತಾಗಿಸಬೇಡಿ. ಕೊಳವೆ ಉದ್ದ ಇರಲಿ. ಡಾಕ್ಟ್ರುಗಳು ಕಲಿಯಲಿಕ್ಕೆ." ಇಷ್ಟು ಹೇಳಿದರೆ ಸಾಕು. ಯಾತಕ್ಕೆ ಎಂದು ತಿಳಿದರೆ ಅವರೂ ಜಾಗ್ರತೆಯಿಂದ ತೆಗೆದುಕೊಡುತ್ತಾರೆ. ಹೃದಯದ ಸುತ್ತಿನ ಪೊರೆ ಕೂಡ ಉಳಿದಿರಲಿ.

ಆಹಾರಕ್ಕಾಗಿ ಕಡಿದ ಆಡಿನ ಅಂಗ ಬಳಸುವುದು ಒಂದು ವಿಷಯ. ಜೀವಂತ ಪ್ರಾಣಿಯ ಮೇಲೆ ಅಭ್ಯಾಸ ಮಾಡುವುದು ಪೂರ್ತಿ ಬೇರೆ. ಅದಕ್ಕೆ ಪ್ರಾಣಿ ಪ್ರಯೋಗದ ನಿಯಮದ ಪ್ರಕಾರ ನೋಂದಾಯಿತ ಕೇಂದ್ರ ಮತ್ತು ಸಮಿತಿಯ ಅನುಮತಿ ಬೇಕೇ ಬೇಕು. ಅಂಗಡಿಯಿಂದ ತಂದದ್ದಕ್ಕೂ ನಿಮ್ಮ ಸಂಸ್ಥೆಯ ಒಪ್ಪಿಗೆ ಪಡೆದು, ಮನೆಯಲ್ಲಲ್ಲ, ಲ್ಯಾಬ್‌ನಲ್ಲೇ ಕೆಲಸ ಮಾಡಿ.

ತಂದ ಕೂಡಲೇ ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಆಡಿನಿಂದ ಮನುಷ್ಯರಿಗೆ ಬ್ರೂಸೆಲ್ಲಾ, ಕ್ಯೂ ಜ್ವರದಂಥ ಸೋಂಕು ಬರಬಹುದು. ಕೊಳವೆಗೆ ಬಾಯಿಟ್ಟು ಊದುವ ಕೆಲಸ ಯಾರೂ ಮಾಡಬಾರದು. ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಅಥವಾ ಗಟ್ಟಿ ಗಂಟು ಕಂಡರೆ ಅದನ್ನು ಬಳಸದೆ ವಿಲೇವಾರಿ ಮಾಡಿ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟು ಮರುದಿನದೊಳಗೆ ಬಳಸಿ. ಫ್ರೀಜರ್‌ನಲ್ಲೂ ಇಡಬಹುದು. ಆದರೆ ಕರಗಿದ ಮೇಲೆ ಅಂಗಾಂಶ ಹರಿಯುವುದು ಬೇಗ, ಗಾಳಿಯೂ ಸೋರುತ್ತದೆ. ನಾಳದ ಅಭ್ಯಾಸಕ್ಕೆ ತಾಜಾ ಇದ್ದದ್ದೇ ಬೇಕು.

ಈಗ ಜೋಡಣೆ. ಬಲ ಕುಹರಕ್ಕೆ ಸೀಳು ಹಾಕಿ, ಅಲ್ಲಿಂದ ಪಲ್ಮನರಿ ಆರ್ಟರಿಯ ಬುಡಕ್ಕೆ ಅಗಲವಾದ ಕೊಳವೆ ತೂರಿಸಿ ದಪ್ಪ ರೇಷ್ಮೆ ದಾರದಿಂದ ಬಿಗಿಯಾಗಿ ಕಟ್ಟಿ. ಸಲೈನ್ ಹರಿಸಿ ಹೆಪ್ಪುಗಟ್ಟಿದ ರಕ್ತವನ್ನೆಲ್ಲ ತೊಳೆಯಿರಿ. ಎಡ ಹೃತ್ಕರ್ಣದ ಕಿವಿಯಂಥ ಭಾಗದಿಂದ ಇನ್ನೊಂದು ಕೊಳವೆ ಹಾಕಿದರೆ ವೇನ್‌ಗಳು ತುಂಬಿಕೊಳ್ಳುತ್ತವೆ. ಹೃದಯದಿಂದ ಮೈಗೆ ಹೋಗುವ ದೊಡ್ಡ ನಾಳ ಅಯೋರ್ಟಾ ಕಟ್ಟಿಬಿಡಿ. ಶ್ವಾಸನಾಳಕ್ಕೆ ಗಾತ್ರಕ್ಕೆ ಹೊಂದುವ ಕಫ್ ಇರುವ ಟ್ಯೂಬ್ ಹಾಕಿ, ಕೈಯಲ್ಲಿ ಒತ್ತಿ ಗಾಳಿ ಊದುವ ಆಂಬು ಬ್ಯಾಗ್‌ನಿಂದ ಮೆಲ್ಲಗೆ ಉಬ್ಬಿಸಿ ನೋಡಿ. ದೊಡ್ಡ ಸೋರಿಕೆ ಇಲ್ಲದಿದ್ದರೆ ಗಾಳಿ ಬಿಟ್ಟು ಡಬ್ಬದಲ್ಲಿ ಕೂರಿಸಿ.

ಎತ್ತರದ ಲೆಕ್ಕ ಬಹಳ ಮುಖ್ಯ. ಪಲ್ಮನರಿ ಆರ್ಟರಿಯೊಳಗಿನ ಗರಿಷ್ಠ (ಸಿಸ್ಟೋಲಿಕ್) ಒತ್ತಡ ಆರೋಗ್ಯವಂತರಲ್ಲಿ ಸುಮಾರು 25 ಮಿ.ಮೀ. ಪಾದರಸ. 1 ಮಿ.ಮೀ. ಪಾದರಸ ಅಂದರೆ 1.36 ಸೆಂ.ಮೀ. ನೀರು. ಹಾಗಾಗಿ ಬಣ್ಣದ ಸಲೈನ್ ಬಾಟಲಿಯಲ್ಲಿನ ನೀರಿನ ಮಟ್ಟ ಹೃದಯಕ್ಕಿಂತ ಸುಮಾರು 34 ಸೆಂ.ಮೀ. ಮೇಲಿದ್ದರೆ ನಿಜದ ಒತ್ತಡ ಸಿಗುತ್ತದೆ. ವೇನ್‌ನ ಬಾಟಲಿ 10ರಿಂದ 14 ಸೆಂ.ಮೀ. ಎತ್ತರದಲ್ಲಿರಲಿ. ಸಾಮಾನ್ಯ ಡ್ರಿಪ್ ಸೆಟ್‌ನ ಕೊಳವೆ ಸಣ್ಣದು, ನಾಳ ಹರಿದಾಗ ಹನಿ ಹನಿಯಾಗಿ ಬರುತ್ತದೆ. ಪ್ರಾಸ್ಟೇಟ್ ಆಪರೇಷನ್‌ಗೆ ಬಳಸುವ ಟಿ.ಯು.ಆರ್. ಸೆಟ್ ಹಾಕಿ, ಆಗ ಧಾರೆಯಾಗಿ ಬರುತ್ತದೆ.

ಆಡಿನ ಅಂಗರಚನೆ ನಮ್ಮದಕ್ಕಿಂತ ಬೇರೆ. ಅದರ ಬಲ ಮೇಲಿನ ಲೋಬ್‌ಗೆ ಗಾಳಿಯ ಕೊಳವೆ ನೇರ ಶ್ವಾಸನಾಳದಿಂದಲೇ ಹೊರಡುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಬಲಗಡೆ ಒಂದು ಹೆಚ್ಚುವರಿ ಲೋಬ್ ಕೂಡ ಇರುತ್ತದೆ. ಆದ್ದರಿಂದ ಬಲಗಡೆ ಬಿಟ್ಟು ಎಡಗಡೆಯಲ್ಲೇ ಅಭ್ಯಾಸ ಮಾಡಿ. ಅದರಲ್ಲೂ ಮೊದಲು ಎಡ ಕೆಳಗಿನ ಲೋಬ್. ಮನುಷ್ಯರಲ್ಲೂ ಕಲಿಯುವವರಿಗೆ ಮೊದಲು ಕೊಡುವುದು ಹೆಚ್ಚಾಗಿ ಕೆಳಗಿನ ಲೋಬ್‌ಗಳನ್ನೇ. ಎಡ ಮೇಲಿನ ಲೋಬ್‌ನ ಆರ್ಟರಿ ಕವಲುಗಳ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ಅದು ಕೊನೆಗಿರಲಿ.

ಹಂತ 4: ಗಡ್ಡೆ ಕೂರಿಸುವುದು

ಮತ್ತೆ ಅದೇ ಚೈನಾ ಗ್ರಾಸ್. ಈ ಸಲ 100 ಮಿ.ಲೀ.ಗೆ 3 ಗ್ರಾಂ, ಗಟ್ಟಿ ಬೇಕು. ಕುದಿಸಿ, ತಿಂಡಿಗೆ ಹಾಕುವ ಬಣ್ಣ ಬೆರೆಸಿ, 50 ಡಿಗ್ರಿ ಹತ್ತಿರಕ್ಕೆ ಆರಿಸಿ. ಅಗರ್ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ, ಹಾಗಾಗಿ ಸಿರಿಂಜ್‌ನಲ್ಲಿ ಸ್ವಲ್ಪ ಸಮಯ ಸಿಗುತ್ತದೆ. 18 ಗೇಜ್ ಸೂಜಿಯಿಂದ 1 ಮಿ.ಲೀ.ಯಷ್ಟನ್ನು ಶ್ವಾಸಕೋಶದೊಳಗೆ ಒಂದೇ ಜಾಗಕ್ಕೆ ಬಿಡಿ. ತಣ್ಣಗಿನ ಅಂಗಾಂಶದಲ್ಲಿ ಅದು ಬೇಗ ಗಂಟಾಗುತ್ತದೆ. ಕಲಿಯುವವರು ಕೋಣೆಯಲ್ಲಿ ಇರಬಾರದು, ಎಲ್ಲಿ ಹಾಕಿದ್ದೀರಿ ಎಂದು ಕಾಗದದಲ್ಲಿ ಗುರುತಿಟ್ಟುಕೊಳ್ಳಿ.

ಈಗ ಅವರು ಮುಖ್ಯ ತೂತಿನಿಂದ ಬೆರಳು ಹಾಕಿ ಮುಟ್ಟಿ ಹುಡುಕಲಿ. ಸಿಕ್ಕಿದ ಮೇಲೆ ಗಡ್ಡೆಯ ಸುತ್ತ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯಲಿ. ಲೋಬ್‌ಗಿಂತ ಕಡಿಮೆ ತೆಗೆಯುವಾಗ ಗಡ್ಡೆಯ ಅಂಚಿನಿಂದ ಕನಿಷ್ಠ 2 ಸೆಂ.ಮೀ., ಅಥವಾ ಗಡ್ಡೆಯ ಅಗಲದಷ್ಟು, ದೂರ ಬಿಡಬೇಕು ಎನ್ನುವುದು ಒಪ್ಪಿತ ನಿಯಮ. ಹೊರತೆಗೆದ ತುಂಡನ್ನು ನಡುವೆ ಸೀಳಿ ಸ್ಕೇಲ್ ಇಟ್ಟು ಅಳೆಯಿರಿ. ಕತ್ತರಿಸಿದ ಅಂಚಿನಲ್ಲಿ ಬಣ್ಣ ಕಂಡರೆ ಗಡ್ಡೆ ಉಳಿದಿದೆ ಎಂದೇ ಅರ್ಥ. ಇಷ್ಟು ಸ್ಪಷ್ಟ ಉತ್ತರ ಕೊಡುವ ಪಾಠ ಇನ್ನೊಂದಿಲ್ಲ.

ಹಂತ 5: ಬಿಡಿಸುವುದು, ಮುಚ್ಚುವುದು

ಕೆಳಗಿನ ಲೋಬ್‌ನ ಕ್ರಮ ಹೀಗಿರಲಿ. ಮೊದಲು ಕೆಳಗಿನ ವೇನ್, ಆಮೇಲೆ ಫಿಷರ್ ತೆರೆದು ಆರ್ಟರಿ, ಕೊನೆಗೆ ಬ್ರಾಂಕಸ್. ಆರ್ಟರಿಯ ಮೇಲೆ ತೆಳುವಾದ ಹೊದಿಕೆ ಇರುತ್ತದೆ. ಬಾಳೆದಿಂಡಿನ ಪದರ ಬಿಡಿಸಿದ ಹಾಗೆ ಆ ಹೊದಿಕೆಯನ್ನು ಎತ್ತಿ ಒಳಗೆ ಹೋದರೆ ನಾಳ ತಾನೇ ಬಿಡುತ್ತದೆ. ಹೊದಿಕೆಯ ಹೊರಗೇ ಕೆರೆಯುತ್ತಾ ಇದ್ದರೆ ರಕ್ತ ಬರುತ್ತದೆ, ದಾರಿ ಸಿಗುವುದಿಲ್ಲ. ನಾಳವನ್ನೇ ಚಿಮುಟದಲ್ಲಿ ಹಿಡಿಯಬಾರದು. ಹೊದಿಕೆಯನ್ನು ಹಿಡಿಯಬೇಕು. ಈ ಒಂದು ವಿಷಯಕ್ಕೆ ಎಷ್ಟು ಹೊತ್ತು ಬೇಕಾದರೂ ಕೊಡಿ. ಬೇರೆ ಎಲ್ಲ ಹಂತಗಳನ್ನು ಬೇಗ ಮುಗಿಸಿದರೂ ತೊಂದರೆಯಿಲ್ಲ.

ನಾಳ, ಬ್ರಾಂಕಸ್‌ಗಳನ್ನು ಪಿನ್ ಹಾಕಿ ಮುಚ್ಚುವ ಸ್ಟೇಪ್ಲರ್ ದುಬಾರಿ. ಅವಧಿ ಮುಗಿದ ಕಾರ್ಟ್ರಿಜ್‌ಗಳನ್ನು ಥಿಯೇಟರ್‌ನಿಂದ ಕೇಳಿ ಪಡೆಯಿರಿ. ಡಬ್ಬಕ್ಕೆ "ರೋಗಿಗಳಿಗೆ ಅಲ್ಲ" ಎಂದು ದೊಡ್ಡದಾಗಿ ಬರೆದು ಬೇರೆ ಕೋಣೆಯಲ್ಲಿಡಿ. ಇಲ್ಲಿ ಅಜಾಗ್ರತೆ ಆಗಲೇಬಾರದು. ಸ್ಟೇಪ್ಲರ್ ಇಲ್ಲದಿದ್ದರೆ ರೇಷ್ಮೆ ದಾರದಲ್ಲಿ ಕಟ್ಟಿ, ಅಥವಾ ಪ್ಲಾಸ್ಟಿಕ್ ಕ್ಲಿಪ್ ಹಾಕಿ. ನಿಜ ಹೇಳಬೇಕೆಂದರೆ, ಕಟ್ಟಲು ಬರುವವರಿಗೆ ಸ್ಟೇಪ್ಲರ್ ಕೈಕೊಟ್ಟ ದಿನ ಗಾಬರಿ ಕಡಿಮೆ.

ಕೊನೆಗೆ ಬ್ರಾಂಕಸ್‌ನ ತುದಿಯನ್ನು ನೀರಿನಲ್ಲಿ ಮುಳುಗಿಸಿ, 25 ಸೆಂ.ಮೀ. ನೀರಿನ ಒತ್ತಡದವರೆಗೆ ಗಾಳಿ ಹಾಕಿ. ಗುಳ್ಳೆ ಬಂದರೆ ಹೊಲಿಗೆ ಸರಿಯಿಲ್ಲ.

ಹಂತ 6: ರಕ್ತ ಚಿಮ್ಮುವ ದಿನ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಇದಕ್ಕೆ ಸರ್ಜನ್ ಮಾತ್ರ ಸಾಲದು. ಸ್ಕ್ರಬ್ ನರ್ಸ್, ಕ್ಯಾಮೆರಾ ಹಿಡಿಯುವವರು, ಅರಿವಳಿಕೆಯವರು, ಹೊರಗೆ ಓಡಾಡುವವರು ಎಲ್ಲರೂ ಇರಬೇಕು.

ಬಾಟಲಿ 34 ಸೆಂ.ಮೀ. ಎತ್ತರದಲ್ಲಿದೆ. ಕಲಿಯುವವರು ಆರ್ಟರಿ ಬಿಡಿಸುತ್ತಿದ್ದಾರೆ. ಕಲಿಸುವವರು ಹೇಳದೆ ಕೇಳದೆ ಕತ್ತರಿಯ ತುದಿಯಿಂದ ನಾಳಕ್ಕೆ ಸಣ್ಣ ಸೀಳು ಹಾಕಲಿ. ಪರದೆ ಪೂರ್ತಿ ಕೆಂಪಾಗುತ್ತದೆ. ಆಗ ಕೈ ತಾನಾಗಿ ಕ್ಲ್ಯಾಂಪ್ ಕಡೆ ಹೋಗುತ್ತದೆ. ಅದನ್ನೇ ತಡೆಯಬೇಕು. ಕಾಣದೆ ಕ್ಲ್ಯಾಂಪ್ ಹಾಕಿದರೆ ಸಣ್ಣ ಸೀಳು ದೊಡ್ಡದಾಗುತ್ತದೆ.

ಮೊದಲ ಕೆಲಸ ಒತ್ತುವುದು. ಕೋಲಿಗೆ ಸುತ್ತಿದ ಗಾಜ್, ಇಲ್ಲವೇ ಪಕ್ಕದ ಶ್ವಾಸಕೋಶವನ್ನೇ ಮೇಲೆ ಒತ್ತಿ ಹಿಡಿಯುವುದು. ಈ ನಾಳದ ಒತ್ತಡ ಕೈಯ ಆರ್ಟರಿಯಷ್ಟಿಲ್ಲ. ಒತ್ತಿದರೆ ನಿಲ್ಲುತ್ತದೆ, ಇದನ್ನು ಕಣ್ಣಾರೆ ನೋಡಿದ ಮೇಲೆಯೇ ಧೈರ್ಯ ಬರುವುದು. ಎರಡನೆಯದು ಬಾಯಿ ಬಿಟ್ಟು ಹೇಳುವುದು: ಆರ್ಟರಿಯಿಂದ ರಕ್ತ, ಒತ್ತಿ ಹಿಡಿದಿದ್ದೇನೆ, ನಿಂತಿದೆ. ಮೂರನೆಯದು ಕಾಯುವುದು. ಅಷ್ಟರಲ್ಲಿ ಅರಿವಳಿಕೆಯವರು ರಕ್ತ ತರಿಸಬೇಕು, ನರ್ಸ್ ಎದೆ ತೆರೆಯುವ ಸೆಟ್ ಮತ್ತು ನಾಳ ಹೊಲಿಯುವ ತೆಳು ದಾರವಾದ 5-0 ಪ್ರೊಲಿನ್ ಸಿದ್ಧ ಮಾಡಬೇಕು, ಇನ್ನೊಂದು ಸಕ್ಷನ್ ಬರಬೇಕು. ಐದು ನಿಮಿಷ ಬಿಟ್ಟು ಮೆಲ್ಲಗೆ ನೋಡಿ. ನಿಂತಿದ್ದರೆ ಮುಂದುವರಿಯಿರಿ. ನಿಲ್ಲದಿದ್ದರೆ ನಾಳದ ಬುಡದಲ್ಲಿ ಹಿಡಿತ ಸಿಗುತ್ತದೆಯೇ, ಹೊಲಿಯಬಹುದೇ, ಎದೆ ತೆರೆಯಬೇಕೇ ಎಂದು ನಿರ್ಧರಿಸಿ. ಎದೆ ತೆರೆಯುವುದು ಸೋಲಲ್ಲ ಎಂದು ಕಲಿಸುವವರು ಗಟ್ಟಿಯಾಗಿ ಹೇಳಬೇಕು. ತಡಮಾಡಿ ತೆರೆಯುವುದೇ ತೊಂದರೆ.

ನಮ್ಮ ಥಿಯೇಟರ್‌ಗಳಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ ಎಲ್ಲ ಒಟ್ಟಿಗೆ ನಡೆಯುತ್ತದೆ. ದಿನನಿತ್ಯಕ್ಕೆ ಅದು ಚಂದ. ರಕ್ತ ಬಂದಾಗ ಮಾತ್ರ ಯಾರು ಯಾರಿಗೆ ಏನು ಹೇಳಿದರು ಎನ್ನುವುದರಲ್ಲಿ ಗೊಂದಲ ಇರಬಾರದು. ಹೆಸರು ಹಿಡಿದು ಹೇಳಿ. ಕೇಳಿದವರು ಅದನ್ನೇ ತಿರುಗಿ ಹೇಳಲಿ. ಇದನ್ನೂ ಮೇಜಿನ ಮೇಲೆಯೇ ಅಭ್ಯಾಸ ಮಾಡಿ.

ಆಡಿನ ಶ್ವಾಸಕೋಶ ಕಲಿಸದ ಪಾಠ

ಆಡಿನ ಶ್ವಾಸಕೋಶ ಸ್ವಚ್ಛ, ಮೆತ್ತಗೆ. ನಮ್ಮ ರೋಗಿಗಳದು ಹಾಗಿರುವುದಿಲ್ಲ. ಹಳೆಯ ಕ್ಷಯದಿಂದ ಶ್ವಾಸಕೋಶ ಎದೆಯ ಗೋಡೆಗೆ ಅಂಟಿರುತ್ತದೆ. ಕಪ್ಪಾದ, ಸುಣ್ಣಗಟ್ಟಿದ ಗ್ರಂಥಿಗಳು ಆರ್ಟರಿಗೆ ಕಚ್ಚಿಕೊಂಡಿರುತ್ತವೆ. ಭಾರತದಲ್ಲಿ ಎದೆಯ ಆಪರೇಷನ್ ಕಷ್ಟವಾಗುವುದು ಇಲ್ಲಿಯೇ. ಬೇರೆ ದೇಶದ ಮಾದರಿಗಳನ್ನು ಹಾಗೇ ತಂದರೆ ಈ ಪಾಠ ತಪ್ಪಿಹೋಗುತ್ತದೆ.

ಇದಕ್ಕೆ ಒಂದು ಉಪಾಯ ಇದೆ. ಲೋಬ್‌ನ ಮೇಲ್ಮೈಯಲ್ಲಿ ಅಲ್ಲಲ್ಲಿ ಫೆವಿಕ್ವಿಕ್‌ನಂಥ ಅಂಟಿನ ಹನಿ ಹಾಕಿ ಡಬ್ಬದ ಒಳಗೋಡೆಗೆ ಅಂಟಿಸಿ. ಫಿಷರ್‌ನಲ್ಲಿ ಒಂದೆರಡು ಹನಿ. ಆರ್ಟರಿಯ ಕವಲಿನ ಬುಡದಲ್ಲಿ ಒಂದು ಹನಿ ಹಾಕಿ ಒಣಗಲು ಬಿಡಿ, ಅದೇ ಕಚ್ಚಿಕೊಂಡ ಗ್ರಂಥಿ. ಅದನ್ನು ಕೀಳಲು ಹೋದರೆ ನಾಳ ಹರಿಯುತ್ತದೆ. ಆಗ ಬುಡಕ್ಕೆ ಹೋಗಿ ಮೊದಲೇ ಹಿಡಿತ ಪಡೆಯುವುದನ್ನು ಕಲಿಯಬೇಕಾಗುತ್ತದೆ. ಗಾಳಿಯಾಡುವ ಜಾಗದಲ್ಲಿ ಮಾಡಿ, ಅಂಟು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಇನ್ನೊಂದು ಕೊರತೆ, ಹೃದಯ ಮಿಡಿಯುವುದಿಲ್ಲ. ಎಡಗಡೆ ಕೆಲಸ ಮಾಡುವಾಗ ಮಿಡಿತ ದೊಡ್ಡ ತೊಂದರೆ ಕೊಡುತ್ತದೆ. ಜಮೈಕಾದಲ್ಲಿ ಪಾಲ್ ರಾಮ್‌ಫಾಲ್ ಮತ್ತು ಜೊತೆಯವರು ಹಂದಿಯ ಹೃದಯದೊಳಗೆ ಬಲೂನ್ ಇಟ್ಟು, ಕಂಪ್ಯೂಟರ್‌ನಿಂದ ಉಬ್ಬಿಸಿ ಇಳಿಸಿ ಮಿಡಿತ ಬರಿಸಿದರು. 2005ರಲ್ಲಿ ಆ ಕೆಲಸ ಪ್ರಕಟವಾಯಿತು, ಆಮೇಲೆ ಅಮೆರಿಕದ ತರಬೇತಿಗೂ ಹೋಯಿತು. ಸಣ್ಣ ದ್ವೀಪದಲ್ಲಿ ಹುಟ್ಟಿದ ಉಪಾಯ ಅದು. ಪೊವ್ವಲ್‌ನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜಿನಂಥ ಕಡೆಯ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗಬಹುದು. ಒಂದು ಸಣ್ಣ ಪಂಪ್, ಒಂದು ವಾಲ್ವ್, ಒಂದು ನಿಯಂತ್ರಕ ಬೋರ್ಡ್ ಇದ್ದರೆ ಶುರು ಮಾಡಬಹುದು.

ಸ್ಕ್ಯಾನ್‌ನಿಂದ ಅಚ್ಚು

ಲೋಬ್‌ನ ಒಂದು ಭಾಗ ಮಾತ್ರ ತೆಗೆಯುವಾಗ ರೋಗಿಯ ಸ್ವಂತ ನಾಳಗಳ ನಕ್ಷೆ ಬೇಕು. ಕಾಂಟ್ರಾಸ್ಟ್ ಹಾಕಿದ ಸಿ.ಟಿ. ಸ್ಕ್ಯಾನ್, 1 ಮಿ.ಮೀ. ಆಸುಪಾಸಿನ ತೆಳು ಪದರದ್ದು, ತೆಗೆದುಕೊಳ್ಳಿ. ಮೊದಲು ರೋಗಿಯ ಹೆಸರು, ನಂಬರ್ ಅಳಿಸಿ. ತ್ರೀಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಗಾಳಿಯ ಕೊಳವೆ, ಆರ್ಟರಿ, ವೇನ್, ಗಡ್ಡೆ ನಾಲ್ಕನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಶ್ವಾಸಕೋಶದಲ್ಲಿ ಆರ್ಟರಿ ನೀಲಿ, ವೇನ್ ಕೆಂಪು ಎನ್ನುವುದು ನೆನಪಿರಲಿ. ರೇಡಿಯಾಲಜಿಸ್ಟ್ ಒಬ್ಬರು ನೋಡಿ ಒಪ್ಪಿದ ಮೇಲೆ ಮಾತ್ರ ಪ್ರಿಂಟ್ ಮಾಡಿ. ಬಂದ ಮಾದರಿಯಲ್ಲಿ ಗಡ್ಡೆಯ ಅಗಲ ಅಳೆದು ಸ್ಕ್ಯಾನ್‌ನ ಅಳತೆಗೆ ಹೋಲಿಸಿ. ಈ ಗಟ್ಟಿ ಪ್ಲಾಸ್ಟಿಕ್ ಕತ್ತರಿಸಲು ಬರುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ, ಯಾವ ಕವಲು ಮೊದಲು ಎಂದು ಬಾಯಲ್ಲಿ ಹೇಳುವುದೇ ಅದರ ಅಭ್ಯಾಸ.

ಕಂಪ್ಯೂಟರ್ ಸಿಮ್ಯುಲೇಟರ್‌ಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ವೀಡನ್ನಿನ ಲ್ಯಾಪ್‌ಸಿಮ್ ಯಂತ್ರದಲ್ಲಿ ವಾಟ್ಸ್ ಲೋಬೆಕ್ಟಮಿಯ ಪಾಠ ಇದೆ. ಕ್ರಮ ಕಲಿಯಲು ಚೆನ್ನಾಗಿದೆ, ಎಷ್ಟು ಸಲ ಬೇಕಾದರೂ ಮಾಡಬಹುದು. ಬೆಲೆ ಜಾಸ್ತಿ, ನಾಳ ಕೈಗೆ ಸಿಗುವ ಅನುಭವ ಕಡಿಮೆ. ದಾನವಾಗಿ ಬಂದ ಮೃತದೇಹಗಳಲ್ಲಿ ಅಂಗರಚನೆ ನಿಖರ, ಸಿಗುವುದು ಅಪರೂಪ. ಅನಾಟಮಿ ವಿಭಾಗದ ಮೂಲಕವೇ, ಗೌರವದಿಂದ ಬಳಸಬೇಕು. ಆಡಿನ ಮೇಜಿನಲ್ಲಿ ಪಳಗಿದವರಿಗೆ ಮಾತ್ರ ಆ ಅವಕಾಶ ಕೊಡಿ.

ಅಳೆಯುವುದು

ಸಮಯ ನೋಡಿ ಅಂಕ ಕೊಡಬೇಡಿ. ಬೇಗ ಮುಗಿಸುವವರೆಲ್ಲ ಚೆನ್ನಾಗಿ ಮಾಡುವವರಲ್ಲ. ಟೊರೊಂಟೊದಲ್ಲಿ 1990ರ ದಶಕದಲ್ಲಿ ರೂಪಿಸಿದ ಒಸಾಟ್ಸ್ ಎಂಬ ಪಟ್ಟಿ ಇದೆ. ಅಂಗಾಂಶವನ್ನು ನಾಜೂಕಾಗಿ ಹಿಡಿಯುತ್ತಾರೆಯೇ, ಕೈ ಸುಮ್ನೆ ಅಲೆಯುತ್ತದೆಯೇ, ಸಹಾಯಕರನ್ನು ಸರಿಯಾಗಿ ಬಳಸುತ್ತಾರೆಯೇ, ಮುಂದಿನ ಹೆಜ್ಜೆ ಗೊತ್ತಿದೆಯೇ ಎಂದೆಲ್ಲ 1ರಿಂದ 5ರವರೆಗೆ ಅಂಕ ಕೊಡುವುದು. ಪ್ರತಿ ಸಲ ವಿಡಿಯೋ ಮಾಡಿ. ಪರದೆ ಮಾತ್ರ ಕಾಣಲಿ, ಮುಖ ಬೇಡ. ಇಬ್ಬರು ಹಿರಿಯರು ಬೇರೆ ಬೇರೆ ಕೂತು, ಯಾರ ವಿಡಿಯೋ ಎಂದು ತಿಳಿಯದೆ ಅಂಕ ಕೊಡಲಿ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಅದಕ್ಕೇ ಈ ಕ್ರಮ ಬೇಕು.

ಒಂದು ದಿನದ ದೊಡ್ಡ ಶಿಬಿರಕ್ಕಿಂತ ವಾರಕ್ಕೊಂದು ಗಂಟೆ ಒಳ್ಳೆಯದು. ಶಿಬಿರದಲ್ಲಿ ಕಲಿತದ್ದು ತಿಂಗಳಲ್ಲಿ ಕೈ ಬಿಟ್ಟುಹೋಗುತ್ತದೆ.

ಸ್ವಚ್ಛ ಮಾಡುವ ಕೆಲಸವೂ ಕಲಿಯುವವರದೇ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಪ್ರಾಣಿಯ ಅಂಗಗಳು ಹಳದಿ ಚೀಲಕ್ಕೆ, ಬ್ಲೇಡ್ ಮತ್ತು ಸೂಜಿ ಬಿಳಿ ಡಬ್ಬಕ್ಕೆ. ಹಿತ್ತಿಲಲ್ಲಿ ಹೂಳುವುದು, ನಾಯಿಗೆ ಹಾಕುವುದು ಬೇಡವೇ ಬೇಡ. ಡಬ್ಬ, ಪೈಪ್, ಉಪಕರಣಗಳನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ತೊಳೆದು ಒಣಗಿಸಿ. ಪ್ರಾಣಿಗೆ ಬಳಸಿದ ಉಪಕರಣ ಮತ್ತೆ ಥಿಯೇಟರ್‌ಗೆ ಹೋಗಬಾರದು, ಅದಕ್ಕೆ ಬಣ್ಣದ ಟೇಪ್ ಸುತ್ತಿಡಿ.

ಮೇಜಿನಿಂದ ಥಿಯೇಟರ್‌ಗೆ

ವಾಟ್ಸ್ ಲೋಬೆಕ್ಟಮಿಯಲ್ಲಿ ಕೈ ಕೂರಲು ಸುಮಾರು 50 ಆಪರೇಷನ್ ಬೇಕು ಎನ್ನುವುದು ಪರಿಣತರ ಸಾಮಾನ್ಯ ಅಂದಾಜು. ಮೇಜಿನ ಅಭ್ಯಾಸ ಅದಕ್ಕೆ ಬದಲಿಯಲ್ಲ. ಅದರ ಮೊದಲ ಭಾಗದ ಅಪಾಯವನ್ನು ರೋಗಿಯಿಂದ ದೂರ ಇಡುವುದಷ್ಟೇ ಇದರ ಕೆಲಸ.

ಇಡೀ ಆಪರೇಷನ್ ಒಮ್ಮೆಗೇ ಕೊಡಬೇಡಿ. ಮೊದಲು ಕ್ಯಾಮೆರಾ. ಆಮೇಲೆ ಪೋರ್ಟ್ ಹಾಕುವುದು ಮತ್ತು ಮುಚ್ಚುವುದು. ನಂತರ ಅಂಚಿನ ಸಣ್ಣ ಗಂಟು ತೆಗೆಯುವುದು. ಅದಾದ ಮೇಲೆ ಕೆಳಗಿನ ಲೋಬ್‌ನ ವೇನ್. ಆರ್ಟರಿ ಕೊನೆಗೆ, ಅದೂ ಆ ವಾರವೇ ಆಡಿನ ಮೇಜಿನಲ್ಲಿ ರಕ್ತದ ಅಭ್ಯಾಸ ಮಾಡಿ ಇಬ್ಬರು ಹಿರಿಯರಿಂದ ಪಾಸ್ ಆದವರಿಗೆ. ರೋಗಿಗೆ ಮತ್ತು ಮನೆಯವರಿಗೆ ಅವರ ಭಾಷೆಯಲ್ಲಿ, ಯಾರು ಯಾವ ಭಾಗ ಮಾಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಪ್ರತಿ ಆಪರೇಷನ್ ಆದ ಮೇಲೆ ಅದರ ವಿಡಿಯೋ ಮತ್ತು ಮೇಜಿನ ವಿಡಿಯೋ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಕೈ ತಡವರಿಸಿತೋ ಆ ಜಾಗ ಬರೆದುಕೊಳ್ಳಿ. ಮುಂದಿನ ವಾರದ ಆಡಿನ ಶ್ವಾಸಕೋಶದಲ್ಲಿ ಅಂಟಿನ ಹನಿ ಬೀಳಬೇಕಾದ್ದು ಅದೇ ಜಾಗದಲ್ಲಿ.